ಕಂಪ್ಯೂಟರ್ ಹೊಸದಾಯಿತು, ಹಳೆಯ ಆಡಿಯೋ ಸಾಮಾನು ಮೂಕವಾಯಿತು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಮನೆಗಳ ಅಟ್ಟದ ಮೇಲೆ ಇನ್ನೂ ಕ್ಯಾಸೆಟ್ ತುಂಬಿದ ಪೆಟ್ಟಿಗೆಗಳಿವೆ. ತಾಳಮದ್ದಳೆ, ಬಡಗುತಿಟ್ಟಿನ ಯಕ್ಷಗಾನದ ಆಟ, ಅಜ್ಜಿಯ ಹಾಡು, ಮದುವೆ ಮನೆಯ ಮಾತುಕತೆ ಎಲ್ಲ ಅದರಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲೆಂದು ಹಲವರು ಹಿಂದೆಯೇ ಸೌಂಡ್ ಕಾರ್ಡ್, ಯುಎಸ್‌ಬಿ ಇಂಟರ್‌ಫೇಸ್ (ಟೇಪಿನ ಶಬ್ದವನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ), ಸಣ್ಣ ಮಿಕ್ಸರ್ ಕೊಂಡಿದ್ದರು. ಈಗ ವಿಂಡೋಸ್ 11 ಹಾಕಿಸಿಕೊಂಡ ಮೇಲೆ ಅವು ಮಾತಾಡುತ್ತಿಲ್ಲ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಫೋನಿನಲ್ಲಿ, ಪತ್ರದಲ್ಲಿ, ಎದುರು ಸಿಕ್ಕಾಗ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇಂಥ ಸಾಮಾನುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಸಾಮಾನಿಗೂ ಕಂಪ್ಯೂಟರಿಗೂ ನಡುವಿನ ಕೊಂಡಿ ತಪ್ಪಿರುತ್ತದೆ, ಅಷ್ಟೆ. ಗುಜರಿಗೆ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

## ಮೊದಲು ನೋಡಬೇಕಾದ್ದು

"ಆನು ವಿಂಡೋಸ್ 11 ಹಾಕ್ಸಿದ್ದಿ. ಈಗ ಸ್ಪೀಕರಲ್ಲಿ ಶಬ್ದನೇ ಬತ್ತಿಲ್ಲೆ. ಎಂತ ಮಾಡವು?"

ಅಪ್‌ಗ್ರೇಡ್ ಆಗುವಾಗ ವಿಂಡೋಸ್ ಎಲ್ಲ ಆಡಿಯೋ ಸಾಧನಗಳನ್ನೂ ಮತ್ತೆ ಹೊಸದಾಗಿ ಗುರುತಿಸುತ್ತದೆ. ಶಬ್ದ ಯಾವುದರಲ್ಲಿ ಬರಬೇಕು ಎಂದು ನೀವು ಮಾಡಿಟ್ಟ ಆಯ್ಕೆ ಆಗ ತಪ್ಪಿಹೋಗಬಹುದು. ಎಚ್‌ಡಿಎಂಐ ಕೇಬಲ್ಲಿನಲ್ಲಿ ಮಾನಿಟರ್ ಜೋಡಿಸಿದ್ದರೆ, ಆ ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೂ ಶಬ್ದವೆಲ್ಲ ಅಲ್ಲಿಗೇ ಹೋಗುತ್ತಿರುತ್ತದೆ. ಪರದೆಯ ಮೂಲೆಯಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಗುರುತು ಒತ್ತಿ. ವಾಲ್ಯೂಮ್ ಗೆರೆಯ ಬಲಕ್ಕಿರುವ ಗುರುತು ಒತ್ತಿದರೆ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ನಿಮ್ಮ ಸ್ಪೀಕರ್ ಆರಿಸಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಮುಂದಿನ ಪ್ರಶ್ನೆಗಳು ನಿಮಗಾಗಿ. ಹೆಸರಿದ್ದೂ ಶಬ್ದ ಬರದಿದ್ದರೆ ಪಿನ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಹಳೆಯ ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಹಸಿರು ತೂತು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಟೇಪ್ ರೆಕಾರ್ಡರಿನಿಂದ ಒಳಗೆ ಬರುವ ಶಬ್ದಕ್ಕೆ. ರಿಪೇರಿಗೆ ಒಯ್ದು ತಂದ ಕಂಪ್ಯೂಟರುಗಳಲ್ಲಿ ಈ ಪಿನ್ ಅದಲುಬದಲಾಗಿರುವುದು ತುಂಬ ಸಾಮಾನ್ಯ.

"ಟೇಪ್ ಓಡ್ತದೆ, ಇಂಟರ್‌ಫೇಸಿನ ಲೈಟೂ ಹತ್ತಿದೆ. ರೆಕಾರ್ಡ್ ಮಾಡಿ ನೋಡಿದ್ರೆ ಪೂರಾ ಖಾಲಿ. ಯಾಕೆ?"

ಅಪ್‌ಗ್ರೇಡ್ ನಂತರದ ದೂರುಗಳಲ್ಲಿ ನಾನು ಹೆಚ್ಚು ಕೇಳುವುದು ಇದನ್ನೇ. ಪರಿಹಾರಕ್ಕೆ ಒಂದು ನಿಮಿಷವೂ ಬೇಡ. ಈಗಿನ ವಿಂಡೋಸ್ ಯಾವ ತಂತ್ರಾಂಶಕ್ಕೂ ಕೇಳದೆ ಮೈಕ್ ಬಿಟ್ಟುಕೊಡುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಅದರ ಲೆಕ್ಕದಲ್ಲಿ ಕಂಪ್ಯೂಟರಿನೊಳಗೆ ಬರುವ ಶಬ್ದವೆಲ್ಲ ಮೈಕ್‌ನದ್ದೇ. ಟೇಪ್ ಡೆಕ್‌ನಿಂದ ಲೈನ್-ಇನ್ (ಮೇಲೆ ಹೇಳಿದ ನೀಲಿ ತೂತು) ಮೂಲಕ ಬಂದದ್ದೂ ಅದೇ ಅನುಮತಿಯ ಕೆಳಗೆ ಬರುತ್ತದೆ.

ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಮೈಕ್ರೋಫೋನ್ ಎಂದು ಹೋಗಿ. ಅಲ್ಲಿ ಮೇಲಿನ ಎರಡು ಸ್ವಿಚ್ಚುಗಳನ್ನು ಆನ್ ಮಾಡಿ. ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಸರಿದರೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಎಂದು ಬೇರೆಯೇ ಒಂದು ಸ್ವಿಚ್ಚಿದೆ. ಆಡಾಸಿಟಿಯಂಥ ರೆಕಾರ್ಡಿಂಗ್ ತಂತ್ರಾಂಶಗಳು ಈ ಕೊನೆಯ ಸ್ವಿಚ್ಚಿನ ಮಾತು ಕೇಳುತ್ತವೆ. ಅದು ಆಫ್ ಇದ್ದರೆ ಯಾವ ಎಚ್ಚರಿಕೆಯೂ ಇಲ್ಲದೆ ಮೌನ ರೆಕಾರ್ಡ್ ಆಗುತ್ತದೆ. ಮ್ಯಾಕ್‌ನಲ್ಲಿ ಇಂಥದೇ ಅನುಮತಿ 2018ರ ಮೊಹಾವಿ ಆವೃತ್ತಿಯಿಂದ ಬಂದಿದೆ.

"ಇಂಟರ್‌ಫೇಸ್ ಜೊತೆ ಬಂದ ಸಿಡಿ ಜೋಪಾನವಾಗಿ ಇಟ್ಟಿದ್ದೇನೆ. ಅದನ್ನೇ ಹಾಕಿದರೆ ಆಗುವುದಿಲ್ಲವೇ?"

ಹಾಕಬೇಡಿ. ಸಿಡಿಯಲ್ಲಿರುವ ಡ್ರೈವರ್, ಅಂದರೆ ಸಾಮಾನಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಚಿಕ್ಕ ತಂತ್ರಾಂಶ, ಅಂದಿನ ವಿಂಡೋಸ್‌ಗೆ ಬರೆದದ್ದು. ಎಕ್ಸ್‌ಪಿ ಕಾಲದವು ಹೆಚ್ಚಾಗಿ 32 ಬಿಟ್‌ನವು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ 32 ಬಿಟ್ ತಂತ್ರಾಂಶ 64 ಬಿಟ್ ವಿಂಡೋಸ್‌ನಲ್ಲಿ ನಡೆಯುತ್ತದೆ, ಆದರೆ 32 ಬಿಟ್ ಡ್ರೈವರ್ ಯಾವ ಉಪಾಯ ಮಾಡಿದರೂ ನಡೆಯುವುದಿಲ್ಲ. ಇದಲ್ಲದೆ 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಆಡಿಯೋ ವ್ಯವಸ್ಥೆಯನ್ನೇ ಬುಡದಿಂದ ಬದಲಿಸಿತು. ಅದಕ್ಕಿಂತ ಹಿಂದಿನ ಡ್ರೈವರುಗಳಿಗೆ ಇಂದು ಭರವಸೆಯಿಲ್ಲ.

ಸಿಡಿಯ ಬದಲು ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಹೆಸರು ಹಾಕಿ ಕೊನೆಯ ಡ್ರೈವರ್ ಯಾವುದಿದೆ ನೋಡಿ. 64 ಬಿಟ್‌ನ ವಿಂಡೋಸ್ 10 ಅಥವಾ 8.1ರದ್ದು ಸಿಕ್ಕರೆ 11ರಲ್ಲೂ ಬಹಳ ಸಲ ನಡೆಯುತ್ತದೆ. "ಎಲ್ಲ ಡ್ರೈವರೂ ಒಂದೇ ಕಡೆ" ಎನ್ನುವ ತಾಣಗಳ ಕಡೆ ಮಾತ್ರ ಹೋಗಬೇಡಿ. ಡ್ರೈವರ್ ಹುಡುಕಿಕೊಡುವ ತಂತ್ರಾಂಶವನ್ನೂ ಹಾಕಬೇಡಿ. ಶಬ್ದ ಬರದ ಕಂಪ್ಯೂಟರಿಗೆ ವೈರಸ್ಸೂ ಸೇರಿಕೊಳ್ಳುತ್ತದೆ.

"ಒಂದು ಹಳೇ ಸಾಮಾನು ಹೊಸ ವಿಂಡೋಸ್‌ನಲ್ಲಿ ನಡೀತದೋ ಇಲ್ಲವೋ ಅಂತ ಮೊದಲೇ ಹೇಳಲಿಕ್ಕೆ ಬರ್ತದಾ?"

ಬರುತ್ತದೆ. ಈ ಇಡೀ ವಿಷಯದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಯುಎಸ್‌ಬಿ ಆಡಿಯೋ ಸಾಧನಗಳಲ್ಲಿ ಎರಡು ಜಾತಿ. ಒಂದು, ಎಲ್ಲರೂ ಒಪ್ಪಿದ ಸಾಮಾನ್ಯ ನಿಯಮದಂತೆ ನಡೆಯುವವು. ಇವನ್ನು ಕ್ಲಾಸ್ ಕಂಪ್ಲಯಂಟ್ ಎನ್ನುತ್ತಾರೆ. ಇನ್ನೊಂದು, ತಯಾರಕರು ಕೊಟ್ಟ ಡ್ರೈವರ್ ಇಲ್ಲದೆ ಅಲುಗದವು. ಅಂಕೋಲೆಯ ಸಂತೆಯಲ್ಲಿ ಮನೆಯೊಳಗೆ ಕೊಂಕಣಿ, ಹವ್ಯಕ, ಹಾಲಕ್ಕಿ ಕನ್ನಡ ಆಡುವವರೆಲ್ಲ ವ್ಯಾಪಾರಕ್ಕೆ ಎಲ್ಲರಿಗೂ ತಿಳಿಯುವ ಮಾತಿಗೆ ಬರುತ್ತಾರಲ್ಲ, ಮೊದಲ ಜಾತಿಯವು ಹಾಗೆ. ಎರಡನೆಯವಕ್ಕೆ ಸದಾ ಒಬ್ಬ ದುಭಾಷಿ ಜೊತೆಗಿರಬೇಕು. ಕಂಪನಿ ಆ ದುಭಾಷಿಯನ್ನು ಹಿಂದಕ್ಕೆ ಕರೆಸಿಕೊಂಡ ದಿನ ಸಾಧನ ಮೂಕ.

ಈ ಸಾಮಾನ್ಯ ನಿಯಮದ 1.0 ಆವೃತ್ತಿ 1998ರದ್ದು. ಅದನ್ನು ಇಂದಿಗೂ ವಿಂಡೋಸ್, ಮ್ಯಾಕ್, ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ) ಎಲ್ಲವೂ ಪಾಲಿಸುತ್ತವೆ. 2.0 ಆವೃತ್ತಿ 2006ರಲ್ಲಿ ಬಂತು, ಆದರೆ ವಿಂಡೋಸ್ ಅದನ್ನು ತನ್ನೊಳಗೆ ಸೇರಿಸಿಕೊಂಡದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಲ್ಲಿ. ಇದರಿಂದ ಒಂದು ಸಂತೋಷದ ಪರಿಣಾಮವೂ ಇದೆ. ವಿಂಡೋಸ್ 7ರ ಕಾಲದಲ್ಲಿ ಡ್ರೈವರ್ ಬೇಕೇ ಬೇಕು ಎನ್ನುತ್ತಿದ್ದ ಕೆಲವು 2.0 ಸಾಧನಗಳು ಈಗ ಏನೂ ಹಾಕದೆ ನಡೆಯುತ್ತವೆ. ಅವಕ್ಕೆ ಅಡ್ಡ ನಿಂತಿರುವುದು ಹಳೆಯ ಡ್ರೈವರೇ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಬರೀ ಯುಎಸ್‌ಬಿ ಚುಚ್ಚಿ ನೋಡಿ.

ನಿಮ್ಮದು ಯಾವ ಜಾತಿ ಎಂದು ತಿಳಿಯಲು ಆಂಡ್ರಾಯ್ಡ್ ಫೋನ್ ಸಾಕು. ಓಟಿಜಿ ಕೇಬಲ್ಲಿನಿಂದ ಇಂಟರ್‌ಫೇಸನ್ನು ಫೋನಿಗೆ ಜೋಡಿಸಿ, ಹೆಡ್‌ಫೋನನ್ನು ಇಂಟರ್‌ಫೇಸಿಗೆ ಚುಚ್ಚಿ, ಫೋನಿನಲ್ಲಿ ಒಂದು ಹಾಡು ಹಾಕಿ. ಹಾಡು ಹೆಡ್‌ಫೋನಿನಲ್ಲಿ ಕೇಳಿದರೆ ನಿಮ್ಮ ಸಾಧನ ಮೊದಲ ಜಾತಿಯದು, ವಿಂಡೋಸ್ 11ರಲ್ಲೂ ಅದು ನಡೆಯಬೇಕು. ಕೇಳದಿದ್ದರೆ ಆಗಲೇ ಕೈಬಿಡಬೇಡಿ. ಕೆಲವು ಸಾಧನಗಳಿಗೆ ಫೋನ್ ಕೊಡುವ ಕರೆಂಟು ಸಾಲುವುದಿಲ್ಲ. ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ ಇನ್ನೊಮ್ಮೆ ನೋಡಿ.

ಎರಡೂ ರೀತಿಯಲ್ಲಿ ನಡೆಯುವ ಸಾಧನಗಳೂ ಇವೆ. ಎಡಿರಾಲ್ ಯುಎ-25ರಲ್ಲಿ ಅಡ್ವಾನ್ಸ್ ಎಂಬ ಚಿಕ್ಕ ಸ್ವಿಚ್ಚಿದೆ. ಅದನ್ನು ಆಫ್ ಮಾಡಿದರೆ ತಯಾರಕರ ಡ್ರೈವರಿನ ಹಂಗಿಲ್ಲದೆ 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತದೆ. ಕ್ಯಾಸೆಟ್ಟಿಗೆ ಅಷ್ಟು ಧಾರಾಳ ಸಾಕು. ಸ್ವಿಚ್ ಬದಲಿಸುವಾಗ ಯುಎಸ್‌ಬಿ ತೆಗೆದು ಮತ್ತೆ ಚುಚ್ಚಿ.

"ಈ ರಗಳೆಯೇ ಬೇಡ, ವಿಂಡೋಸ್ 10ರಲ್ಲೇ ಇದ್ದರೆ ಏನಾಗ್ತದೆ?"

2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಬ್ಯಾಂಕು, ಮಿಂಚಂಚೆ, ಆಧಾರ್ ಕೆಲಸ ಮಾಡುವ ಕಂಪ್ಯೂಟರನ್ನು ಹಾಗೇ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ರೆಕಾರ್ಡಿಂಗಿಗೆಂದೇ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಅದರ ಇಂಟರ್‌ನೆಟ್ ಪೂರ್ತಿ ತೆಗೆದರೆ, ಅದರಲ್ಲಿ ವಿಂಡೋಸ್ 10 ಅಲ್ಲ, 7 ಇದ್ದರೂ ಚಿಂತೆಯಿಲ್ಲ. ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದರಾಯಿತು, ತೆರೆಯುವ ಮೊದಲು ಹೊಸ ಕಂಪ್ಯೂಟರಿನಲ್ಲಿ ಆ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಸಿ. ದೊಡ್ಡ ಸಂಗ್ರಹ ಇದ್ದವರಿಗೆ ನಾನು ಕೊಡುವ ಮೊದಲ ಸಲಹೆ ಇದೇ. ಚೆನ್ನಾಗಿ ನಡೆಯುತ್ತಿರುವ ಜೋಡಣೆಯನ್ನು ಕೆಲಸದ ನಡುವೆ ಬಿಚ್ಚಬಾರದು.

ಈಗಾಗಲೇ ಅಪ್‌ಗ್ರೇಡ್ ಮಾಡಿ ಕೈ ಕಟ್ಟಿದಂತಾಗಿದ್ದರೆ, ಸಾಮಾನ್ಯವಾಗಿ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಹಿಂದಿನ ವಿಂಡೋಸ್‌ಗೆ ಮರಳಬಹುದು. ಅದಕ್ಕೂ ಮೊದಲು ಜಾಗ ಉಳಿಸಲೆಂದು ವಿಂಡೋಸ್.ಓಲ್ಡ್ ಎಂಬ ಕಡತಕೋಶ ಅಳಿಸಿದ್ದರೆ ಆ ದಾರಿ ಮುಚ್ಚಿದ ಹಾಗೆ.

## ಸ್ವಲ್ಪ ಕೈ ಹಾಕಬೇಕಾದ್ದು

"ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಇದೆ. ಒಂದೊಂದು ಸಲ ಒಂದೊಂದು ಕೋಡ್. ಏನರ್ಥ?"

ಆ ಸಾಲಿನ ಮೇಲೆ ಎರಡು ಸಲ ಒತ್ತಿ, ಜನರಲ್ ಪುಟದಲ್ಲಿ ಸಂಖ್ಯೆ ಓದಿಕೊಳ್ಳಿ. ಕೋಡ್ 28 ಅಂದರೆ ಡ್ರೈವರೇ ಇಲ್ಲ. ಕೋಡ್ 39 ಅಂದರೆ ಡ್ರೈವರ್ ಫೈಲು ಇಲ್ಲ, ಕೆಟ್ಟಿದೆ ಅಥವಾ ಲೋಡ್ ಆಗಲು ವಿಂಡೋಸ್ ಬಿಡುತ್ತಿಲ್ಲ. ಕೋಡ್ 52 ಅಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ.

ಕೋಡ್ 10 ಮಾತ್ರ ಗೊಂದಲದ್ದು. ಸಾಧನ ಶುರುವಾಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಬೇರೆ ಪೋರ್ಟು, ಬೇರೆ ಕೇಬಲ್ ಮೊದಲು. ನಂತರ ಆ ಸಾಲನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಚುಚ್ಚುವುದು. ಕೆಲವೊಮ್ಮೆ ತಪ್ಪು ವಿಂಡೋಸ್‌ನದ್ದೇ ಆಗಿರುತ್ತದೆ. 2025ರ ಜನವರಿ 14ರ ಭದ್ರತಾ ಅಪ್‌ಡೇಟ್ ಹಾಕಿಕೊಂಡ ಕಂಪ್ಯೂಟರುಗಳಲ್ಲಿ 1.0 ಆಡಿಯೋ ಡ್ರೈವರ್ ಬಳಸುವ ಯುಎಸ್‌ಬಿ ಸಾಧನಗಳು ಇದೇ ಕೋಡ್ ತೋರಿಸಿ ನಿಂತವು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಮುಂದಿನ ಅಪ್‌ಡೇಟ್‌ಗಳಲ್ಲಿ ಸರಿಪಡಿಸಿತು. ಆದ್ದರಿಂದ ಬಾಕಿ ಅಪ್‌ಡೇಟ್ ಇದ್ದರೆ ಪೂರ್ತಿ ಮುಗಿಸಿ, ಆಮೇಲೆ ಸಾಧನವನ್ನು ದೂರಿ.

"ಭಾಗವತರ ಸ್ವರ ಚೊಲೋ ಬರ್ತದೆ, ಶ್ರುತಿಪೆಟ್ಟಿಗೆ ಮಾಯ. ಮದ್ದಳೆಯೂ ಬಿಟ್ಟು ಬಿಟ್ಟು ಕೇಳ್ತದೆ. ಕ್ಯಾಸೆಟ್ಟೇ ಹೋಯ್ತಾ?"

ಕ್ಯಾಸೆಟ್ಟಿಗೆ ಏನೂ ಆಗಿಲ್ಲ. ಇದು ನನಗೆ ಬಹಳ ಬೇಸರ ತರಿಸುವ ತೊಂದರೆ, ಯಾಕೆಂದರೆ ಗೊತ್ತಾಗದೆ ಇಡೀ ಪ್ರಸಂಗವೇ ಹೀಗೆ ರೆಕಾರ್ಡ್ ಆಗಿಹೋಗುತ್ತದೆ.

ಹೊಸ ಲ್ಯಾಪ್‌ಟಾಪ್, ಹೊಸ ಡ್ರೈವರ್‌ಗಳು ಒಳಬರುವ ಶಬ್ದವನ್ನು ಫೋನ್ ಕರೆಯೆಂದೇ ತಿಳಿದು ಸ್ವಚ್ಛ ಮಾಡುತ್ತವೆ. ಮನುಷ್ಯನ ದನಿ ಉಳಿಯಬೇಕು, ಫ್ಯಾನಿನ ಸದ್ದು ಹೋಗಬೇಕು ಎಂಬುದು ಅವುಗಳ ಲೆಕ್ಕ. ಶ್ರುತಿಪೆಟ್ಟಿಗೆ ಒಂದೇ ಸ್ವರವನ್ನು ಎಡೆಬಿಡದೆ ಹಿಡಿದಿರುವುದರಿಂದ ಅದು ಫ್ಯಾನಿನ ಲೆಕ್ಕಕ್ಕೆ ಸೇರುತ್ತದೆ. ಮದ್ದಳೆ, ಚಂಡೆ, ತಾಳದ ಪೆಟ್ಟುಗಳು ಕೀಬೋರ್ಡಿನ ಟಕಟಕದ ಗುಂಪಿಗೆ ಹೋಗುತ್ತವೆ. ಭಾಗವತರು ಏರುಪದ್ಯ ಹಿಡಿದಾಗ ಹಿಂದಿನ ಮದ್ದಳೆ ಕೇಳುತ್ತದೆ, ಪದ್ಯ ನಿಂತೊಡನೆ ಮದ್ದಳೆಯೂ ಮುಳುಗುತ್ತದೆ. ಹೀಗೆ ಕೇಳಿದರೆ ಅನುಮಾನವೇ ಬೇಡ, ಶಬ್ದ ಶುದ್ಧೀಕರಣ ಆನ್ ಆಗಿದೆ.

ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ, ಇನ್‌ಪುಟ್ ಕೆಳಗೆ ನಿಮ್ಮ ಸಾಧನದ ಹೆಸರು ಒತ್ತಿ. ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬಲ್ಲಿ ಆಫ್ ಆರಿಸಿ. ಲ್ಯಾಪ್‌ಟಾಪ್ ಕಂಪನಿಯದೇ ಬೇರೆ ಆಡಿಯೋ ಆ್ಯಪ್ ಇದ್ದರೆ ಅದರಲ್ಲೂ ನಾಯ್ಸ್ ಸಪ್ರೆಶನ್, ಎಕೋ ಕ್ಯಾನ್ಸಲೇಶನ್ ಎಲ್ಲ ತೆಗೆಯಿರಿ. ಹೀಗೆ ಹೋದ ಮದ್ದಳೆಯನ್ನು ಆ ಫೈಲಿನಿಂದ ಮರಳಿ ತರಲು ಆಗುವುದಿಲ್ಲ, ಕ್ಯಾಸೆಟ್ಟನ್ನು ಮತ್ತೆ ಓಡಿಸಲೇಬೇಕು. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಇದನ್ನು ಪರೀಕ್ಷಿಸಿ, ಮತ್ತೆ ಆನ್ ಆಗಿರಬಹುದು.

"ಚಂಡೆ ಬಂದ ಕೂಡ್ಲೇ ಶಬ್ದ ಒಡೀತದೆ. ಮೊದಲು ಹೀಗಿರ್ಲಿಲ್ಲ."

ಅಪ್‌ಗ್ರೇಡ್‌ನಲ್ಲಿ ಇನ್‌ಪುಟ್ ವಾಲ್ಯೂಮ್ ನಿಮ್ಮ ಹಳೆಯ ಗುರುತಿನಿಂದ ಮೇಲೇರಿದೆ, ಅಥವಾ ಮೈಕ್ ಬೂಸ್ಟ್ ಸೇರಿಕೊಂಡಿದೆ. ಬೂಸ್ಟ್ ಸೊನ್ನೆಗೆ ತನ್ನಿ. ಕ್ಯಾಸೆಟ್ಟಿನಲ್ಲಿ ಚಂಡೆ ಅತಿ ಜೋರಾಗಿರುವ ಭಾಗ ಹುಡುಕಿ, ರಕ್ಕಸ ವೇಷದ ಪ್ರವೇಶದ ಜಾಗ ಸಾಧಾರಣವಾಗಿ ಸರಿಹೋಗುತ್ತದೆ. ಆ ಭಾಗದಲ್ಲಿ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. ಪದ್ಯ ಕೇಳಿ ಮಟ್ಟ ಹೊಂದಿಸಿದರೆ ಚಂಡೆಗೆ ಜಾಗ ಸಾಲುವುದಿಲ್ಲ.

"ಹೊಸ ಲ್ಯಾಪ್‌ಟಾಪಿಗೆ ಒಂದೇ ತೂತು. ಡೆಕ್‌ನ ವೈರ್ ಅದಕ್ಕೇ ಚುಚ್ಚಬಹುದಾ?"

ಬೇಡ. ಆ ಒಂದೇ ತೂತು ಮೊಬೈಲ್ ಹೆಡ್‌ಸೆಟ್ಟಿಗೆ ಮಾಡಿದ್ದು. ಅದರ ಪಿನ್ನಿಗೆ ನಾಲ್ಕು ಭಾಗ: ಎಡ, ಬಲ, ನೆಲ, ಮೈಕ್. ಒಳಕ್ಕೆ ಹೋಗುವ ಮೈಕ್ ಒಂದೇ ಚಾನೆಲ್, ಅಂದರೆ ಮೋನೋ. ಅದೂ ಕೆಲವೇ ಮಿಲಿವೋಲ್ಟ್‌ನ ಮೈಕ್ ಸಂಕೇತಕ್ಕೆ ಹೊಂದಿಸಿದ್ದು. ಡೆಕ್‌ನ ಲೈನ್-ಔಟ್‌ನಲ್ಲಿ ಬರುವುದು ಸುಮಾರು 0.3 ವೋಲ್ಟ್, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪೇಟೆಯಲ್ಲಿ ಸಿಗುವ ಬೆರಳಿನಷ್ಟು ಉದ್ದದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡುಗಳಲ್ಲೂ ಹೆಚ್ಚಿನವಕ್ಕೆ ಮೋನೋ ಮೈಕ್ ತೂತು ಮಾತ್ರ ಇರುತ್ತದೆ. ಕೊಳ್ಳುವಾಗ ಎರಡು ಆರ್‌ಸಿಎ ಇನ್‌ಪುಟ್, ಒಂದು ಕೆಂಪು, ಒಂದು ಬಿಳಿ, ಇವೆಯೇ ನೋಡಿ.

"ಗುಂಯ್ ಅಂತ ಒಂದೇ ಸಮ ಸದ್ದು. ವಿಂಡೋಸ್ ಬದಲಿಸಿದ್ದರಿಂದಲೇ ಬಂತು."

ವಿಂಡೋಸ್ ಬದಲಾದಾಗ ಲ್ಯಾಪ್‌ಟಾಪೂ ಬದಲಾಯಿತೇ? ಹಾಗಿದ್ದರೆ ಕಾರಣ ಹೊಸ ಚಾರ್ಜರ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಗುಂಯ್ ಹೋದರೆ ಅದು ಅರ್ತಿಂಗಿನ ಸಮಸ್ಯೆ. ನಮ್ಮ ಕರೆಂಟಿನ 50 ಹರ್ಟ್ಸ್ ಹಮ್ಮು ಡೆಕ್ ಮತ್ತು ಲ್ಯಾಪ್‌ಟಾಪ್‌ಗಳ ನಡುವೆ ಸುತ್ತುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಬಂದಿರುವುದಿಲ್ಲ, ಎಲೆಕ್ಟ್ರಿಶಿಯನ್ನರಿಂದ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನಿಂದ ನೆಲದ ಪಿನ್ ಕಿತ್ತು ಹಾಕುವ ಉಪಾಯ ಮಾತ್ರ ಯಾರು ಹೇಳಿದರೂ ಮಾಡಬೇಡಿ, ಜೀವಕ್ಕೆ ಅಪಾಯ. ಮನೆಯ ಇನ್‌ವರ್ಟರಿನಿಂದಲೂ ಗೀಂ ಎನ್ನುವ ಸದ್ದು ಸೇರುತ್ತದೆ. ಕರೆಂಟು ಹೋದಾಗ ರೆಕಾರ್ಡಿಂಗ್ ನಿಲ್ಲಿಸಿಬಿಡುವುದು ಒಳ್ಳೆಯದು.

"ಕಾರವಾರದಲ್ಲಿ ಸಮುದ್ರದ ಹತ್ತಿರ ಮನೆ. ಅಪ್‌ಗ್ರೇಡ್ ಆದ ಮೇಲೆ ಕರಕರ, ಒಂದು ಬದಿ ಶಬ್ದ ಹೋಗಿ ಬಂದು ಮಾಡ್ತದೆ."

ಪಿನ್ನನ್ನು ತೂತಿನಲ್ಲಿ ಮೆಲ್ಲಗೆ ತಿರುಗಿಸಿ. ತಿರುಗಿಸಿದಾಗ ಕರಕರ ಬದಲಾದರೆ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ. ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಪಿನ್ನು, ಸಾಕೆಟ್ಟು, ವಾಲ್ಯೂಮ್ ಗುಂಡಿಯ ಒಳಭಾಗ ಕಿಲುಬು ಹಿಡಿಯುತ್ತದೆ. ಎಲ್ಲ ಆಫ್ ಮಾಡಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಪಿನ್ನನ್ನು ಹತ್ತಾರು ಸಲ ಹಾಕಿ ತೆಗೆದು ಮಾಡಿ, ಒಣಗಿದ ಮೇಲೆ ಹಚ್ಚಿ. ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಹುಡಿಯಂಥದ್ದು ಕಂಡರೆ ಅದು ಬೂಸ್ಟು, ಅಂದರೆ ಶಿಲೀಂಧ್ರ. ಅಂಥದ್ದನ್ನು ಓಡಿಸಲೇಬೇಡಿ. ಅದು ಹೆಡ್ಡಿಗೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.

"ಸ್ವರ ಏರಿ ಕೇಳ್ತದೆ. ಕಂಪ್ಯೂಟರ್ ವೇಗ ತಪ್ಪಿದೆಯಾ, ಟೇಪ್ ವೇಗ ತಪ್ಪಿದೆಯಾ?"

ಬೇರ್ಪಡಿಸುವುದು ಸುಲಭ. ಫೋನಿನಿಂದ ಒಂದು ಹಾಡನ್ನು ಅದೇ ಇಂಟರ್‌ಫೇಸಿನಲ್ಲಿ ರೆಕಾರ್ಡ್ ಮಾಡಿ, ಎರಡರ ಉದ್ದ ಹೋಲಿಸಿ. ಉದ್ದ ಒಂದೇ ಇದ್ದರೆ ಕಂಪ್ಯೂಟರ್ ಸರಿಯಿದೆ, ಡೆಕ್‌ನ ಮೋಟರ್ ಅಥವಾ ಬೆಲ್ಟ್ ನೋಡಿಸಿ. ಉದ್ದ ಬೇರೆ ಬಂದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಶಬ್ದ ಅಳೆಯಬೇಕೆಂಬ ಸಂಖ್ಯೆ) 44.1 ಮತ್ತು 48 ಕಿಲೋಹರ್ಟ್ಸ್ ನಡುವೆ ಅದಲುಬದಲಾಗಿದೆ. ಆ ತಪ್ಪಿನಲ್ಲಿ ಸ್ವರ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆಯಷ್ಟು (ಮನೆ ಅಂದರೆ ಕೀಲಿ) ಸರಿಯುತ್ತದೆ, ಹಾರ್ಮೋನಿಯಂ ಹಿಡಿದವರಿಗೆ ಕೂಡಲೇ ತಿಳಿಯುತ್ತದೆ. ವಿಂಡೋಸ್‌ನಲ್ಲೂ ರೆಕಾರ್ಡಿಂಗ್ ತಂತ್ರಾಂಶದಲ್ಲೂ ಒಂದೇ ಸಂಖ್ಯೆ ಇಡಿ.

"ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಟಕ್ ಟಕ್ ಅಂತ ತುಂಡಾಗ್ತದೆ."

ಮೂರು ಕಾರಣ ನೋಡಿ. ಕರೆಂಟು ಉಳಿಸಲು ವಿಂಡೋಸ್ ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತದೆ. ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ತೆಗೆಯಿರಿ. ಹಳೆಯ ಸಾಧನಗಳು ಯುಎಸ್‌ಬಿ 3ರ ನೀಲಿ ಪೋರ್ಟಿನಲ್ಲಿ ಕೆಲವೊಮ್ಮೆ ತಕರಾರು ಮಾಡುತ್ತವೆ. ನಡುವೆ ಒಂದು ಯುಎಸ್‌ಬಿ 2 ಹಬ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮೂರನೆಯದು ವೈಫೈ. ಅದರ ಡ್ರೈವರ್ ನಡುನಡುವೆ ಕಂಪ್ಯೂಟರಿನ ಸಮಯ ಕಬಳಿಸುತ್ತದೆ. ರೆಕಾರ್ಡಿಂಗ್ ಮುಗಿಯುವ ತನಕ ಏರ್‌ಪ್ಲೇನ್ ಮೋಡ್‌ನಲ್ಲಿಡಿ, ಅಪ್‌ಡೇಟ್ ನಡುವೆ ಬರುವುದೂ ತಪ್ಪುತ್ತದೆ.

## ಆಳಕ್ಕೆ ಇಳಿಯುವವರಿಗೆ

"64 ಬಿಟ್ ಡ್ರೈವರ್ ಸಿಕ್ಕಿದೆ, ಇನ್‌ಸ್ಟಾಲೂ ಆಯಿತು. ಆದರೆ ವಿಂಡೋಸ್ ಅದನ್ನು ಲೋಡ್ ಮಾಡಲು ಬಿಡುತ್ತಿಲ್ಲ."

ವಿಂಡೋಸ್ ಸೆಕ್ಯೂರಿಟಿಯಲ್ಲಿ ಡಿವೈಸ್ ಸೆಕ್ಯೂರಿಟಿ, ಅದರೊಳಗೆ ಕೋರ್ ಐಸೊಲೇಶನ್ ನೋಡಿ. ಅಲ್ಲಿನ ಮೆಮರಿ ಇಂಟೆಗ್ರಿಟಿ ಆನ್ ಇದ್ದರೆ, ಅದರ ನಿಯಮಕ್ಕೆ ಹೊಂದದ ಹಳೆಯ ಡ್ರೈವರುಗಳು ಒಳಗೆ ಬರುವುದಿಲ್ಲ. ವಿಂಡೋಸ್ 11 ಹೊಸದಾಗಿ ಬಂದಿರುವ ಕಂಪ್ಯೂಟರುಗಳಲ್ಲಿ ಇದು ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ. ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಡ್ರೈವರ್ ನಡೆಯಬಹುದು, ಆದರೆ ವೈರಸ್ ವಿರುದ್ಧದ ಒಂದು ಗಟ್ಟಿ ಗೋಡೆ ತೆಗೆದಂತಾಗುತ್ತದೆ. ರೆಕಾರ್ಡಿಂಗಿಗೇ ಮೀಸಲಾದ ಕಂಪ್ಯೂಟರಿನಲ್ಲಿ ಸರಿ, ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪಿನಲ್ಲಿ ನಾನು ಮಾಡುವುದಿಲ್ಲ.

ಡ್ರೈವರ್ ಸಹಿಯ ತಪಾಸಣೆ ನಿಲ್ಲಿಸುವ, ಡ್ರೈವರ್ ಯಾವ ಸಾಧನಕ್ಕೆಂದು ಹೇಳುವ ಐಎನ್ಎಫ್ ಫೈಲು ತಿದ್ದುವ ವಿಧಾನಗಳನ್ನೂ ಹಲವರು ಕೇಳುತ್ತಾರೆ. ಫೈಲಿನ ಒಂದಕ್ಷರ ತಿದ್ದಿದರೂ ಅದರ ಸಹಿ ಕೆಡುತ್ತದೆ. ಸ್ಟಾರ್ಟಪ್ ಪಟ್ಟಿಯಿಂದ ತಪಾಸಣೆ ನಿಲ್ಲಿಸಿದರೆ ಅದು ಮುಂದಿನ ರೀಸ್ಟಾರ್ಟ್ ತನಕ ಮಾತ್ರ. ಪ್ರತಿ ಸಲ ಇದೇ ಕೆಲಸ ಮಾಡುವ ಬದಲು ಕೆಳಗಿನ ಲಿನಕ್ಸ್ ದಾರಿ ಹೆಚ್ಚು ಬಾಳಿಕೆಯದು.

"ಫೈರ್‌ವೈರ್ ಮಿಕ್ಸರ್ ಇದೆ. ಬಹಳ ದುಡ್ಡು ಕೊಟ್ಟು ತಗೊಂಡದ್ದು."

ಫೈರ್‌ವೈರ್ ಅಂದರೆ ಯುಎಸ್‌ಬಿಯಂತೆ ಸಾಧನ ಜೋಡಿಸುವ ಹಳೆಯ ಇನ್ನೊಂದು ಬಗೆ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಇದ್ದರೆ ಅದರೊಳಗಿನ ಪಿಸಿಐ ಎಕ್ಸ್‌ಪ್ರೆಸ್ ಜಾಗಕ್ಕೆ ಫೈರ್‌ವೈರ್ ಕಾರ್ಡ್ ಹಾಕಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಕಾರ್ಡನ್ನೇ ಹುಡುಕಿ, ಆಡಿಯೋ ತಯಾರಕರು ಹಿಂದಿನಿಂದಲೂ ಹೇಳುತ್ತಿದ್ದುದು ಅದನ್ನೇ. ಯುಎಸ್‌ಬಿಯಿಂದ ಫೈರ್‌ವೈರ್‌ಗೆ ಎಂದು ಮಾರುವ ಚಿಕ್ಕ ಪರಿವರ್ತಕ ಪಿನ್ನುಗಳು ಆಡಿಯೋಗೆ ಕೆಲಸ ಮಾಡುವುದಿಲ್ಲ, ದುಡ್ಡು ಹಾಳು.

ಮ್ಯಾಕ್‌ನವರು ಹೆಚ್ಚು ಎಚ್ಚರವಾಗಿರಬೇಕು. 2025ರ ಸೆಪ್ಟೆಂಬರಿನಲ್ಲಿ ಬಂದ ಮ್ಯಾಕ್ ಓಎಸ್ 26, ಅಂದರೆ ಟಾಹೋ, ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿದೆ. ಥಂಡರ್‌ಬೋಲ್ಟ್ ಅಡಾಪ್ಟರ್ ಹಾಕಿ ಅಲ್ಲಿಯವರೆಗೆ ನಡೆಸಿಕೊಂಡು ಬಂದವರು ಅದರ ಹಿಂದಿನ ಆವೃತ್ತಿ ಸೆಕೋಯಾದಲ್ಲೇ ನಿಲ್ಲುವುದು ಒಳ್ಳೆಯದು. ಎಂ ಸರಣಿಯ ಚಿಪ್ಪಿರುವ ಮ್ಯಾಕ್‌ಗಳಲ್ಲಿ ಹಳೆಯ ಬಗೆಯ ಡ್ರೈವರ್ ಹಾಕಲು ರಿಕವರಿಗೆ ಹೋಗಿ ಭದ್ರತೆಯ ಮಟ್ಟವನ್ನೇ ತಗ್ಗಿಸಬೇಕು. ಕ್ಲಾಸ್ ಕಂಪ್ಲಯಂಟ್ ಯುಎಸ್‌ಬಿ ಸಾಧನಗಳಿಗೆ ಮ್ಯಾಕ್‌ನಲ್ಲಿ ಈ ಯಾವ ತಾಪತ್ರಯವೂ ಇಲ್ಲ.

"ಲಿನಕ್ಸ್‌ನಲ್ಲಿ ಹಳೇ ಸಾಮಾನೆಲ್ಲ ನಡೀತದೆ ಅಂತಾರೆ. ನಿಜವಾ?"

ಎಲ್ಲವೂ ಅಲ್ಲ. ಆದರೆ ವಿಂಡೋಸ್ ಕೈಬಿಟ್ಟ ಬಹಳಷ್ಟು ಸಾಧನಗಳು ನಡೆಯುತ್ತವೆ. ಅಲ್ಲಿ ಡ್ರೈವರುಗಳು ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳಿನ ಜೊತೆಯಲ್ಲೇ ಬರುತ್ತವೆ. ಕಂಪನಿ ಮರೆತ ಸಾಧನವನ್ನು ಬಳಸುವವರೇ ನೋಡಿಕೊಳ್ಳುತ್ತಾರೆ. ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಲೈವ್ ಮತ್ತು ಆಡಿಜಿ, ಎಂ-ಆಡಿಯೋ ಡೆಲ್ಟಾ ಸರಣಿಯ ಪಿಸಿಐ ಕಾರ್ಡುಗಳು, ಟ್ಯಾಸ್ಕಾಂ ಯುಎಸ್-122, ಯುಎಸ್-144 ಇವಕ್ಕೆಲ್ಲ ಲಿನಕ್ಸ್‌ನಲ್ಲಿ ಡ್ರೈವರ್ ಇದೆ. ಹಲವು ಫೈರ್‌ವೈರ್ ಇಂಟರ್‌ಫೇಸುಗಳಿಗೂ ಇದೆ. ಹೊಸ ಮದರ್‌ಬೋರ್ಡುಗಳಲ್ಲಿ ಹಳೆಯ ಪಿಸಿಐ ಜಾಗವೇ ಇರುವುದಿಲ್ಲವಾದ್ದರಿಂದ ಆ ಕಾರ್ಡುಗಳಿಗೆ ಹಳೆಯ ಡೆಸ್ಕ್‌ಟಾಪೇ ಬೇಕು. ವಿಂಡೋಸ್ 11 ಬೇಡವೆಂದ ಆ ಡೆಸ್ಕ್‌ಟಾಪಿಗೆ ಲಿನಕ್ಸ್ ಹಗುರವಾಗಿಯೇ ಇರುತ್ತದೆ.

ಇನ್‌ಸ್ಟಾಲ್ ಮಾಡದೆಯೇ ಪರೀಕ್ಷಿಸಬಹುದು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದ ಕಂಪ್ಯೂಟರ್ ಶುರುಮಾಡಿ, ಟ್ರೈ ಎಂಬ ಆಯ್ಕೆ ಒತ್ತಿ. ಇಂಟರ್‌ಫೇಸ್ ಚುಚ್ಚಿ, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಬಂತೇ ನೋಡಿ. ಬಂದರೆ ಟೇಪ್ ಹಾಕಿ ಮೀಟರ್ ಅಲುಗುತ್ತದೆಯೇ ನೋಡಿ. ನಿಮ್ಮ ವಿಂಡೋಸ್ ಮುಟ್ಟದೆ ಹಾಗೇ ಇರುತ್ತದೆ. ಆಡಾಸಿಟಿ ಲಿನಕ್ಸ್‌ನಲ್ಲೂ ಇರುವುದರಿಂದ ಕೆಲಸದ ರೀತಿ ಬದಲಾಗುವುದಿಲ್ಲ.

"ವಿಂಡೋಸ್ 11ರ ಒಳಗೇ ವರ್ಚುವಲ್ ಮಶೀನಿನಲ್ಲಿ ಎಕ್ಸ್‌ಪಿ ಹಾಕಿ ಹಳೇ ಡ್ರೈವರ್ ನಡೆಸಬಹುದಾ?"

ವರ್ಚುವಲ್ ಮಶೀನ್ ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ತಂತ್ರಾಂಶ. ಅದರಲ್ಲಿ ಸಾಧನ ಕಾಣಿಸಿಕೊಳ್ಳುತ್ತದೆ, ಡ್ರೈವರೂ ಕೂರುತ್ತದೆ. ಆದರೆ ಆಡಿಯೋ ತುಣುಕುಗಳು ಸರಿಯಾದ ಹೊತ್ತಿಗೆ ಒಂದೇ ಸಮ ಹರಿದು ಬರಬೇಕು. ವರ್ಚುವಲ್ ಮಶೀನಿನ ಮೂಲಕ ಹಾಯುವಾಗ ಆ ಹರಿವು ತಡವರಿಸಿ ಚಿಟಿಚಿಟಿ ಸೇರುತ್ತದೆ. ಸಾಧನದ ಒಳಗಿನ ಯಾವುದೋ ಸೆಟ್ಟಿಂಗ್ ಒಮ್ಮೆ ಬದಲಿಸಲು ಇದು ಸಾಕು, ರೆಕಾರ್ಡಿಂಗಿಗೆ ಆಗದು.

"ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಹೊಸದು ಯಾವುದು ತಗೊಳ್ಳಲಿ? ಮತ್ತೆ ಐದು ವರ್ಷಕ್ಕೆ ಇದೇ ಕಥೆ ಆಗಬಾರದು."

ಡ್ರೈವರ್ ಬೇಡದ್ದನ್ನು ತಗೊಳ್ಳಿ. ಕ್ಯಾಸೆಟ್ ಇಳಿಸುವುದಷ್ಟೇ ಕೆಲಸವಾದರೆ ಬೆರಿಂಗರ್ ಯುಸಿಎ202ರಂಥ ಸರಳ ಪೆಟ್ಟಿಗೆ ಸಾಕು. ಅದು 1.0 ನಿಯಮದ ಸಾಧನ, 16 ಬಿಟ್, 48 ಕಿಲೋಹರ್ಟ್ಸ್‌ವರೆಗೆ ನಡೆಯುತ್ತದೆ, ಎರಡು ಆರ್‌ಸಿಎ ಇನ್‌ಪುಟ್ ಇದೆ. ಗ್ರಾಮಫೋನ್ ತಟ್ಟೆಗಳೂ ಇದ್ದರೆ ಅದರದೇ ಜೊತೆಯ ಯುಎಫ್ಓ202 ನೋಡಿ, ಪ್ಲೇಯರಿನ ಕೆಲವೇ ಮಿಲಿವೋಲ್ಟ್ ಸಂಕೇತವನ್ನು ದೊಡ್ಡದು ಮಾಡುವ ಪ್ರೀಆಂಪ್ ಅದರೊಳಗೇ ಇದೆ. ಆಟವನ್ನು ಮೈಕ್ ಇಟ್ಟು ನೇರವಾಗಿ ರೆಕಾರ್ಡ್ ಮಾಡುವವರಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿಗೆ ಅದರ ತಂತಿಯಲ್ಲೇ ಹೋಗುವ ಕರೆಂಟು) ಕೊಡುವ, 24 ಬಿಟ್‌ನ ಇಂಟರ್‌ಫೇಸ್ ಬೇಕು. ಐಪ್ಯಾಡಿನಲ್ಲಿ ಡ್ರೈವರ್ ಇಲ್ಲದೆ ನಡೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು ಕ್ಲಾಸ್ ಕಂಪ್ಲಯಂಟ್ ಎಂದೇ ತಿಳಿಯಿರಿ.

ಹಳೆಯದನ್ನು ಎಸೆಯಬೇಡಿ. ಲಿನಕ್ಸ್ ಓಡಿಸುವವರಿಗೆ, ಅಥವಾ ಇನ್ನೂ ವಿಂಡೋಸ್ 7ರ ಹಳೆಯ ಕಂಪ್ಯೂಟರಿನಲ್ಲಿ ತಾಳಮದ್ದಳೆ ಇಳಿಸುತ್ತಿರುವವರಿಗೆ ಕೊಡಿ. ಕೊಡುವಾಗ ಅಡಾಪ್ಟರು, ಕೇಬಲ್ಲುಗಳನ್ನು ಅದಕ್ಕೇ ಕಟ್ಟಿ ಕೊಡಿ. 9 ವೋಲ್ಟ್‌ನದೋ 12ರದೋ ಎಂದು ಆಮೇಲೆ ಊಹಿಸಿ ಚುಚ್ಚಿದರೆ ಸುಡುತ್ತದೆ.